ಹಣಕಾಸಿನ ತಿಳಿವಳಿಕೆಯೂ ಕಲಿಕೆಯ ವಿಜ್ಞಾನವೂ: ತಾಂಬರಂನ ಕನ್ನಡ ಕುಟುಂಬಗಳಿಗೊಂದು ಪರಿಚಯ

ಹಣಕಾಸು ಸಾಕ್ಷರತೆ ಎಂದರೆ ಉಳಿತಾಯ, ಸಾಲ, ಬಡ್ಡಿ, ವಿಮೆ, ನಾಮನಿರ್ದೇಶನ ಮೊದಲಾದವುಗಳನ್ನು ಅರಿತು, ತನ್ನ ಹಣದ ವಿಷಯದಲ್ಲಿ ತಾನೇ ನಿರ್ಧಾರ ಕೈಗೊಳ್ಳುವ ಸಾಮರ್ಥ್ಯ. ಕಲಿಕೆಯ ವಿಜ್ಞಾನ ಎಂದರೆ ಮನುಷ್ಯನು ಹೇಗೆ ಕಲಿಯುತ್ತಾನೆ, ಕಲಿತದ್ದನ್ನು ಏಕೆ ಮರೆಯುತ್ತಾನೆ, ಒಂದೆಡೆ ಕಲಿತದ್ದು ಇನ್ನೊಂದೆಡೆ ಏಕೆ ಒದಗಿ ಬರುವುದಿಲ್ಲ ಎಂಬುದನ್ನು ಪ್ರಯೋಗಗಳಿಂದ ಪರಿಶೀಲಿಸುವ ಶಾಸ್ತ್ರ. ಮೊದಲನೆಯದನ್ನು ಬೋಧಿಸುವವರು ಬಹುಮಟ್ಟಿಗೆ ನನ್ನಂತಹ ಬ್ಯಾಂಕ್ ನೌಕರರು. ಎರಡನೆಯದನ್ನು ಬಲ್ಲವರು ಮನಶ್ಶಾಸ್ತ್ರಜ್ಞರು. ಇಬ್ಬರೂ ಒಂದೆಡೆ ಕುಳಿತು ಮಾತನಾಡಿದ್ದು ಅಪರೂಪ. ಅದರ ನಷ್ಟ ಎಷ್ಟೆಂಬುದು ನನಗೆ ತಿಳಿದದ್ದು ಒಂದು ಪ್ರಸಂಗದಿಂದ.

ಕೆಲವು ವರ್ಷಗಳ ಹಿಂದೆ ಪಶ್ಚಿಮ ತಾಂಬರಂನ ಒಂದು ಸಭೆಯಲ್ಲಿ ನಾನು ಠೇವಣಿಗಳ ಸುರಕ್ಷತೆಯನ್ನು ಕುರಿತು ಒಂದು ಗಂಟೆ ಉಪನ್ಯಾಸ ನೀಡಿದೆ. ಅತಿಯಾದ ಬಡ್ಡಿಯ ಆಮಿಷಕ್ಕೆ ಒಳಗಾಗಬಾರದು ಎಂದು ಒತ್ತಿ ಹೇಳಿದೆ. ಮುಂದಿನ ಸಾಲಿನಲ್ಲಿದ್ದ ನಿವೃತ್ತ ಹಿರಿಯರೊಬ್ಬರು ಉದ್ದಕ್ಕೂ ತಲೆದೂಗುತ್ತಿದ್ದರು. ಎರಡು ತಿಂಗಳು ಕಳೆಯುವಷ್ಟರಲ್ಲಿ ಅವರೇ ತಮ್ಮ ನಿಗದಿತ ಠೇವಣಿಯನ್ನು ಅವಧಿಗೆ ಮೊದಲೇ ಮುರಿಸಲು ಕೌಂಟರಿಗೆ ಬಂದರು. ತಿಂಗಳಿಗೆ ನೂರಕ್ಕೆ ಐದು ರೂಪಾಯಿ ಕೊಡುವ ಖಾಸಗಿಯವರೊಬ್ಬರಲ್ಲಿ ತೊಡಗಿಸಲು. ನಾನು ಉಪನ್ಯಾಸವನ್ನು ನೆನಪಿಸಿದಾಗ, "ನೀವು ಅಂದು ಹೇಳಿದ್ದು ಕಂಪೆನಿಗಳ ವಿಷಯ ಅಲ್ಲವೇ ಸಾರ್? ಇವರು ನಮಗೆ ಬೇಕಾದವರು" ಎಂದರು. ಐದು ತಿಂಗಳು ಬಡ್ಡಿ ಸರಿಯಾಗಿ ಬಂತು. ಆಮೇಲೆ ಬಡ್ಡಿಯೂ ಇಲ್ಲ, ಅಸಲೂ ಇಲ್ಲ.

ಆ ಹಿರಿಯರು ನನ್ನ ಮಾತನ್ನು ಮರೆತಿರಲಿಲ್ಲ, ಅಲ್ಲಗಳೆದೂ ಇರಲಿಲ್ಲ. ತಮ್ಮ ಮುಂದಿದ್ದ ಪ್ರಸಂಗವು ಆ ಮಾತಿನ ಒಂದು ಉದಾಹರಣೆ ಎಂಬುದು ಮಾತ್ರ ಅವರಿಗೆ ಹೊಳೆಯಲಿಲ್ಲ. ಹಾಗೆ ಹೊಳೆಯುವಂತೆ ನಾನು ಕಲಿಸಿರಲಿಲ್ಲ.

ಉಪನ್ಯಾಸಗಳಿಂದ ಆದದ್ದೇನು?

ರಾಷ್ಟ್ರೀಯ ಹಣಕಾಸು ಶಿಕ್ಷಣ ಕೇಂದ್ರವು 2019ರಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ವಯಸ್ಕರಲ್ಲಿ ಹಣಕಾಸು ಸಾಕ್ಷರರ ಪ್ರಮಾಣ ಶೇ. 27. ಪ್ರಯತ್ನಗಳು ನಡೆದಿಲ್ಲವೆಂದಲ್ಲ. ಭಾರತೀಯ ರಿಸರ್ವ್ ಬ್ಯಾಂಕು ಮಕ್ಕಳಿಗಾಗಿ ಚಿತ್ರಕಥೆಗಳನ್ನು ಹೊರತಂದಿದೆ, 2016ರಿಂದ ಹಣಕಾಸು ಸಾಕ್ಷರತಾ ಸಪ್ತಾಹವನ್ನು ಆಚರಿಸುತ್ತ ಬಂದಿದೆ. ಕನ್ನಡದಲ್ಲಿಯೂ ಪುಸ್ತಿಕೆಗಳಿವೆ.

ಇಂತಹ ಶಿಕ್ಷಣದಿಂದ ಜನರ ನಡವಳಿಕೆ ಬದಲಾಗುವುದೇ ಎಂಬ ಪ್ರಶ್ನೆಯನ್ನು ಫರ್ನಾಂಡಿಸ್, ಲಿಂಚ್ ಮತ್ತು ನೆಟ್‌ಮೇಯರ್ ಎಂಬ ಮೂವರು ಸಂಶೋಧಕರು 2014ರಲ್ಲಿ ಕೈಗೆತ್ತಿಕೊಂಡರು. ಇನ್ನೂರಕ್ಕೂ ಮಿಕ್ಕಿದ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಜನರ ಹಣಕಾಸಿನ ನಡವಳಿಕೆಯಲ್ಲಿ ಕಾಣುವ ವ್ಯತ್ಯಾಸಗಳ ಪೈಕಿ ಶಿಕ್ಷಣದಿಂದ ವಿವರಿಸಬಹುದಾದದ್ದು ಶೇ. 0.1 ಮಾತ್ರ ಎಂದು ಕಂಡುಬಂತು. ದೀರ್ಘ ತರಬೇತಿಯ ಪರಿಣಾಮವೂ ಎರಡು ವರ್ಷ ತುಂಬುವುದರೊಳಗೆ ಕರಗಿಹೋಗುತ್ತಿತ್ತು. ಇದೇ ಕೊನೆಯ ಮಾತಲ್ಲ. 2022ರಲ್ಲಿ ಪ್ರಕಟವಾದ ಮತ್ತೊಂದು ಸಮಗ್ರ ಅಧ್ಯಯನವು 76 ನಿಯಂತ್ರಿತ ಪ್ರಯೋಗಗಳನ್ನು ಪರಿಶೀಲಿಸಿ, ಸರಾಸರಿಯಲ್ಲಿ ಪ್ರಯೋಜನವಿದೆ ಎಂದು ತೀರ್ಮಾನಿಸಿತು. ಎರಡನ್ನೂ ಕೂಡಿಸಿ ಓದಿದರೆ ನನಗೆ ತೋರುವುದಿಷ್ಟು: ಕಲಿಸಬೇಕೇ ಎಂಬುದಕ್ಕಿಂತ ಹೇಗೆ, ಯಾವಾಗ ಕಲಿಸಬೇಕು ಎಂಬುದೇ ಮುಖ್ಯ.

ಮರೆವು, ನೆನಪು ಮತ್ತು ಸಂತೆಯ ಲೆಕ್ಕ

ಜರ್ಮನಿಯ ಹೆರ್ಮಾನ್ ಎಬ್ಬಿಂಗ್‌ಹೌಸ್ 1885ರಲ್ಲಿ ಪ್ರಕಟಿಸಿದ ಸ್ಮರಣಶಕ್ತಿಯ ಅಧ್ಯಯನಕ್ಕೆ ತನ್ನನ್ನೇ ಪ್ರಯೋಗಕ್ಕೆ ಒಡ್ಡಿಕೊಂಡಿದ್ದನು. ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಬಾಯಿಪಾಠ ಮಾಡಿ, ಎಷ್ಟು ಬೇಗ ಮರೆಯುತ್ತದೆ ಎಂದು ಅಳೆದನು. ಮೊದಲ ದಿನದಲ್ಲಿಯೇ ಹೆಚ್ಚಿನ ಪಾಲು ಜಾರಿಹೋಗುತ್ತದೆ, ಆಮೇಲೆ ಮರೆವಿನ ವೇಗ ಇಳಿಯುತ್ತದೆ. ಒಂದೇ ದಿನ ಹತ್ತು ಬಾರಿ ಓದುವುದಕ್ಕಿಂತ ಹಲವು ದಿನಗಳಲ್ಲಿ ಹಂಚಿ ಓದಿದರೆ ಹೆಚ್ಚು ಉಳಿಯುತ್ತದೆ. ನಮ್ಮ ಹಿರಿಯರು ದಿನವೂ ಸಂಜೆ ದೀಪ ಹಚ್ಚಿದ ಮೇಲೆ ಮಗ್ಗಿ ಹೇಳಿಸುತ್ತಿದ್ದುದರಲ್ಲಿ ಈ ತತ್ತ್ವವೇ ಇತ್ತು.

ಮಗ್ಗಿಯ ಇನ್ನೊಂದು ಗುಣವೆಂದರೆ ಅದನ್ನು ಪುಸ್ತಕ ಮುಚ್ಚಿ ಹೇಳಬೇಕಾಗಿತ್ತು. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಇದನ್ನೇ ಪರೀಕ್ಷಿಸಿದರು. ಒಂದು ಗುಂಪಿನವರು ಪಾಠವನ್ನು ಮತ್ತೆ ಓದಿದರು. ಇನ್ನೊಂದು ಗುಂಪಿನವರು ಪುಸ್ತಕ ನೋಡದೆ ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ನೋಡಿದರೆ, ಮತ್ತೆ ಓದಿದವರಲ್ಲಿ ಉಳಿದದ್ದು ಶೇ. 42, ನೆನಪಿನಿಂದ ಬರೆದವರಲ್ಲಿ ಶೇ. 56. ಸಭೆಯಲ್ಲಿ ಕೇಳುಗರು ತಲೆದೂಗುವುದು ಆ ಐದು ನಿಮಿಷದ ಫಲಿತಾಂಶ. ಅದನ್ನು ಕಂಡು ಉಪನ್ಯಾಸಕರು ಸಂತೋಷಪಡುತ್ತಾರೆ. ನಾನೂ ಪಟ್ಟಿದ್ದೆ.

ಮೂರನೆಯ ಸಂಗತಿಯೇ ನಮ್ಮ ವಿಷಯಕ್ಕೆ ಅತ್ಯಂತ ಹತ್ತಿರವಾದದ್ದು. ಬ್ರೆಜಿಲ್ ದೇಶದ ರೆಸೀಫೆ ನಗರದಲ್ಲಿ ಬೀದಿಯಲ್ಲಿ ಕಾಯಿ, ಹಣ್ಣು ಮಾರುವ ಮಕ್ಕಳನ್ನು ಕುರಿತ ಒಂದು ಅಧ್ಯಯನ 1985ರಲ್ಲಿ ಪ್ರಕಟವಾಯಿತು. ವ್ಯಾಪಾರದ ನಡುವೆ ಕೇಳಿದ ಲೆಕ್ಕಗಳಲ್ಲಿ ಅವರು ನೂರಕ್ಕೆ 98 ಸರಿ ಹೇಳಿದರು. ಅದೇ ಲೆಕ್ಕಗಳನ್ನು ಕಾಗದದ ಮೇಲೆ ಅಂಕಿಗಳಾಗಿ ಕೊಟ್ಟಾಗ ನೂರಕ್ಕೆ 37. ಕೋಲ್ಕತ್ತ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ ಮಕ್ಕಳ ಮೇಲೆ ನಡೆದ ಇಂತಹುದೇ ಅಧ್ಯಯನ 2025ರಲ್ಲಿ ಹೊರಬಂದಿದೆ. ಅದರ ಕರ್ತೃಗಳಲ್ಲಿ ನೊಬೆಲ್ ಪುರಸ್ಕೃತ ಅಭಿಜಿತ್ ಬ್ಯಾನರ್ಜಿ ಹಾಗೂ ಎಸ್ತರ್ ಡುಫ್ಲೊ ಇದ್ದಾರೆ. ಅಂಗಡಿಯ ಲೆಕ್ಕ ಬಲ್ಲ ಮಕ್ಕಳಿಗೆ ಶಾಲೆಯ ಲೆಕ್ಕ ಬರಲಿಲ್ಲ. ಶಾಲೆಯ ಲೆಕ್ಕ ಬಲ್ಲ ಮಕ್ಕಳು ಅಂಗಡಿಯ ಲೆಕ್ಕದಲ್ಲಿ ತಡವರಿಸಿದರು. ಕಲಿಕೆಯು ತಾನು ಹುಟ್ಟಿದ ಜಾಗವನ್ನು ಸುಲಭವಾಗಿ ಬಿಟ್ಟು ಕದಲುವುದಿಲ್ಲ. ಬ್ಯಾಂಕಿನ ಪರಿಭಾಷೆಯಲ್ಲಿ ಹೇಳುವುದಾದರೆ, ಅದರ ವರ್ಗಾವಣೆ ತಾನಾಗಿ ಆಗುವುದಿಲ್ಲ, ಅರ್ಜಿ ಕೊಡಬೇಕಾಗುತ್ತದೆ.

ಉಡುಪಿಯ ಎರಡಾಣೆ

ಈ ಸಿದ್ಧಾಂತಗಳ ಹೆಸರನ್ನೂ ಕೇಳದೆ ಅವುಗಳನ್ನು ಆಚರಣೆಗೆ ತಂದವರು ನಮ್ಮವರಲ್ಲೇ ಇದ್ದರು. ತಾಂಬರಂಗೂ ಉಡುಪಿಗೂ ಏನು ಸಂಬಂಧ ಎಂದು ಇಂದಿನ ಮಕ್ಕಳು ಕೇಳಿಯಾರು. 1956ರ ನವೆಂಬರ್ 1ರವರೆಗೆ ಎರಡೂ ಮದ್ರಾಸಿನ ಆಡಳಿತಕ್ಕೆ ಸೇರಿದ ಊರುಗಳಾಗಿದ್ದವು. ಓದಿಗೆ, ಉದ್ಯೋಗಕ್ಕೆ, ಹೋಟೆಲು ವ್ಯವಹಾರಕ್ಕೆ ಕರಾವಳಿಯವರು ಮದ್ರಾಸಿಗೆ ಬಂದದ್ದು ಪರದೇಶಕ್ಕೆ ಬಂದಂತಲ್ಲ, ತಮ್ಮ ರಾಜಧಾನಿಗೆ ಬಂದಂತೆ.

ಟಿ. ಎಂ. ಎ. ಪೈ, ಉಪೇಂದ್ರ ಅನಂತ ಪೈ ಮತ್ತು ವಾಮನ ಕುಡ್ವ ಅವರು 1925ರಲ್ಲಿ ಉಡುಪಿಯಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಎಂಬ ಸಂಸ್ಥೆಯನ್ನು 8,000 ರೂಪಾಯಿ ಬಂಡವಾಳದೊಡನೆ ಆರಂಭಿಸಿದರು. ಕೈಮಗ್ಗದ ಕಸುಬು ಕುಸಿದು ಸಂಕಟದಲ್ಲಿದ್ದ ನೇಕಾರರಿಗೆ ನೆರವಾಗುವುದು ಅವರ ಉದ್ದೇಶವಾಗಿತ್ತು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಈ ಸಂಸ್ಥೆ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಇದು 1928ರಲ್ಲಿ ಆರಂಭಿಸಿದ ಪಿಗ್ಮಿ ಠೇವಣಿಯ ಕ್ರಮ ಸರಳವಾದದ್ದು: ಏಜೆಂಟನು ಮನೆಯ ಬಾಗಿಲಿಗೆ, ಅಂಗಡಿಯ ಕಟ್ಟೆಗೆ ದಿನವೂ ಬರುವನು, ಎರಡಾಣೆಯಾದರೂ ಸಾಕು, ಪಡೆದು ಗುರುತು ಹಾಕಿ ಹೋಗುವನು. ದಿನಕ್ಕೆ ಎರಡಾಣೆಯಂತೆ ಮೂವತ್ತು ದಿನಕ್ಕೆ ಮೂರು ರೂಪಾಯಿ ಹನ್ನೆರಡಾಣೆ.

ಇದರಲ್ಲಿ ಉಪನ್ಯಾಸವಿಲ್ಲ. ಪಾಠ ಚಿಕ್ಕದು, ದಿನವೂ ಮರಳಿ ಬರುವಂಥದ್ದು. ಕಲಿಯುವ ಜಾಗವೂ ಹಣ ಕೈಗೆ ಬರುವ ಜಾಗವೂ ಒಂದೇ. ಸಂಜೆ ಗಲ್ಲಾ ಪೆಟ್ಟಿಗೆಯ ಮುಂದೆ. ಮಾಡಿದ್ದರ ಫಲ ಕೂಡಲೇ ಅಂಕಿಯಾಗಿ ಕಾಣುತ್ತದೆ. ಬ್ಯಾಂಕಿನ ಮೆಟ್ಟಿಲು ಹತ್ತಲು ಅಂಜುವವನಿಗೆ ಬ್ಯಾಂಕೇ ಮೆಟ್ಟಿಲಿಳಿದು ಬಂತು.

ಆದರೆ ಪಿಗ್ಮಿಯನ್ನು ಅತಿಯಾಗಿ ಹೊಗಳುವುದು ಸಲ್ಲದು. ಅದು ಕಲಿಸಿದ್ದು ಅಭ್ಯಾಸವನ್ನು, ಲೆಕ್ಕವನ್ನಲ್ಲ. ವರ್ಷಗಟ್ಟಲೆ ಪಿಗ್ಮಿ ಕಟ್ಟಿದ ಅನೇಕರಿಗೆ ತಮಗೆ ದೊರೆಯುವ ಬಡ್ಡಿ ಎಷ್ಟೆಂದು ತಿಳಿದಿರಲಿಲ್ಲ. ಅವರ ವಿಶ್ವಾಸ ಏಜೆಂಟನ ಮುಖದ ಮೇಲಿತ್ತು. ಬಾಗಿಲಿಗೆ ಬಂದ ಪರಿಚಿತನನ್ನು ನಂಬುವ ಆ ಒಳ್ಳೆಯ ಗುಣವೇ, ಬಂದವನು ಬೇರೆಯವನಾದಾಗ, ಮನೆಯನ್ನು ಮುಳುಗಿಸಬಲ್ಲದು. "ಇವರು ನಮಗೆ ಬೇಕಾದವರು."

ಒಂದೇ ಬಡ್ಡಿ, ಮೂರು ಮುಖ

ತಾಂಬರಂನ ಕನ್ನಡ ಮನೆಗಳಿಗೆ ಇನ್ನೊಂದು ತೊಡಕಿದೆ. ನಾವು ಮೂರು ಭಾಷೆಗಳಲ್ಲಿ ಹಣವನ್ನು ಮುಟ್ಟುತ್ತೇವೆ. ಮನೆಯ ಹಿರಿಯರು "ನೂರಕ್ಕೆ ಐದು" ಎನ್ನುತ್ತಾರೆ. ಷಣ್ಮುಗಂ ರಸ್ತೆಯ ಅಂಗಡಿಯವರು ತಮಿಳಿನಲ್ಲಿ "ಅಂಜು ಪೈಸಾ ವಟ್ಟಿ" ಎನ್ನುತ್ತಾರೆ. ಅಂದರೆ ರೂಪಾಯಿಗೆ ತಿಂಗಳಿಗೆ ಐದು ಪೈಸೆ. ಬ್ಯಾಂಕಿನ ಕಾಗದಗಳು ಇಂಗ್ಲಿಷಿನಲ್ಲಿ ವಾರ್ಷಿಕ ದರವನ್ನು ಹೇಳುತ್ತವೆ. ಐದು ಪೈಸೆ ಎಂದರೆ ಕಿವಿಗೆ ಏನೂ ಅಲ್ಲ, ನೂರಕ್ಕೆ ಐದು ಎಂದರೆ ಪರವಾಗಿಲ್ಲ, ವರ್ಷಕ್ಕೆ ಶೇ. 60 ಎಂದರೆ ಎದೆ ಝಲ್ಲೆನ್ನುತ್ತದೆ. ಮೂರೂ ಒಂದೇ ದರ.

ಇಲ್ಲಿಯೂ ಸಂಶೋಧನೆಯ ಆಧಾರವಿದೆ. ಸ್ಪೆಲ್ಕಿ ಮತ್ತು ಸಿವ್ಕಿನ್ ಎಂಬವರು ರಷ್ಯನ್ ಮತ್ತು ಇಂಗ್ಲಿಷ್ ಎರಡನ್ನೂ ಬಲ್ಲವರಿಗೆ ಒಂದು ಭಾಷೆಯಲ್ಲಿ ಹೊಸ ಲೆಕ್ಕಗಳನ್ನು ಕಲಿಸಿ, ಎರಡರಲ್ಲಿಯೂ ಪರೀಕ್ಷಿಸಿ, 2001ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ನಿಖರವಾದ ಲೆಕ್ಕಗಳು ಕಲಿತ ಭಾಷೆಯಲ್ಲಿಯೇ ಬೇಗ ನೆನಪಾದವು. ಕನ್ನಡದಲ್ಲಿ ಮಗ್ಗಿ ಕಲಿತ ಅಜ್ಜಿಗೆ ಇಂಗ್ಲಿಷ್ ಕರಪತ್ರ ಕೊಟ್ಟು ಬಡ್ಡಿಯ ದರ ಹೋಲಿಸಿ ನೋಡಿ ಎನ್ನುವುದು ಅವರ ಬುದ್ಧಿಯನ್ನು ಪರೀಕ್ಷಿಸಿದಂತಲ್ಲ, ಭಾಷೆಯನ್ನು ಪರೀಕ್ಷಿಸಿದಂತೆ. ಮೊಮ್ಮಕ್ಕಳ ಕಷ್ಟ ಇದಕ್ಕೆ ತದ್ವಿರುದ್ಧ. ಅವರು ಚಕ್ರಬಡ್ಡಿಯ ಸೂತ್ರವನ್ನು ಇಂಗ್ಲಿಷಿನಲ್ಲಿ ಒಪ್ಪಿಸಬಲ್ಲರು, "ಅಂಜು ಪೈಸಾ ವಟ್ಟಿ" ಎಂದರೆ ಮಾತ್ರ ಕಣ್ಣರಳಿಸುತ್ತಾರೆ. ಆದುದರಿಂದ ಕಲಿಸುವಾಗ ಒಂದೇ ದರವನ್ನು ಮೂರು ಮಾತುಗಳಲ್ಲಿ ಮುಂದಿಟ್ಟು, ಇವು ಒಂದೇ ಹೌದೋ ಅಲ್ಲವೋ ಎಂದು ಕೇಳಬೇಕು. ಬಗೆಬಗೆಯ ವೇಷಗಳನ್ನು ಅಕ್ಕಪಕ್ಕ ನಿಲ್ಲಿಸಿದಾಗಲೇ ಒಳಗಿರುವವನು ಒಬ್ಬನೇ ಎಂದು ತಿಳಿಯುವುದು.

ಬಿಡಿಸಿ ತೋರಿಸಿದ ಲೆಕ್ಕ

ಹೊಸತಾಗಿ ಕಲಿಯುವವರಿಗೆ ಸಮಸ್ಯೆಯನ್ನು ಕೊಟ್ಟು ಒದ್ದಾಡಿಸುವುದಕ್ಕಿಂತ, ಪೂರ್ತಿ ಬಿಡಿಸಿದ ಲೆಕ್ಕವನ್ನು ಮೊದಲು ತೋರಿಸುವುದು ಒಳ್ಳೆಯದು ಎಂಬುದನ್ನು ಆಸ್ಟ್ರೇಲಿಯದ ಜಾನ್ ಸ್ವೆಲರ್ 1980ರ ದಶಕದಲ್ಲಿ ತೋರಿಸಿಕೊಟ್ಟರು. ಮನಸ್ಸು ಒಮ್ಮೆಗೆ ಹೊರಬಲ್ಲ ಭಾರ ಸ್ವಲ್ಪವೇ ಎಂಬುದು ಅವರ ವಾದದ ತಿರುಳು. ನಮ್ಮಲ್ಲಿ ಬಹಳ ಮಂದಿ ಎಡವುವ "ಫ್ಲ್ಯಾಟ್" ಬಡ್ಡಿಯನ್ನೇ ನೋಡೋಣ.

ದ್ವಿಚಕ್ರ ವಾಹನಕ್ಕೋ ಮನೆಯ ಸಾಮಾನಿಗೋ ಒಂದು ಲಕ್ಷ ರೂಪಾಯಿ ಸಾಲ, ಫ್ಲ್ಯಾಟ್ ಶೇ. 12, ಹನ್ನೆರಡು ಕಂತು. ಬಡ್ಡಿ 12,000 ಸೇರಿಸಿ 1,12,000. ತಿಂಗಳಿಗೆ 9,333 ರೂಪಾಯಿ. ಮೇಲ್ನೋಟಕ್ಕೆ ಶೇ. 12 ಸರಿಯಾಗಿಯೇ ಇದೆ. ಈಗ ಒಂದು ಪ್ರಶ್ನೆ: ವರ್ಷವಿಡೀ ನಿಮ್ಮ ಬಳಿ ಒಂದು ಲಕ್ಷ ಇತ್ತೇ? ಮೊದಲ ತಿಂಗಳು ಇತ್ತು. ಆರು ಕಂತು ಕಟ್ಟುವ ಹೊತ್ತಿಗೆ ಹೆಚ್ಚುಕಡಿಮೆ ಅರ್ಧ ಹಿಂದಿರುಗಿಸಿ ಆಗಿದೆ. ಕೊನೆಯ ತಿಂಗಳು ಉಳಿದದ್ದು ಒಂದು ಕಂತಿನಷ್ಟು. ಸರಾಸರಿ ತೆಗೆದರೆ ವರ್ಷದಲ್ಲಿ ನಿಮ್ಮ ಕೈಯಲ್ಲಿದ್ದ ಸಾಲ ಸುಮಾರು 54,000 ರೂಪಾಯಿ. ಬಡ್ಡಿ ಕೊಟ್ಟದ್ದು ಮಾತ್ರ ಪೂರ್ತಿ ಒಂದು ಲಕ್ಷಕ್ಕೆ. ನಿಖರವಾಗಿ ಲೆಕ್ಕ ಹಾಕಿದರೆ ನಿಜವಾದ ವಾರ್ಷಿಕ ದರ ಶೇ. 21.5ರಷ್ಟಾಗುತ್ತದೆ.

ಈ ನಿಖರ ಲೆಕ್ಕವನ್ನು ಎಲ್ಲರೂ ಕಲಿಯಬೇಕಾಗಿಲ್ಲ. ಕಲಾ ಪದವೀಧರನಾದ ನಾನೂ ಅದನ್ನು ಬ್ಯಾಂಕಿಗೆ ಸೇರಿದ ಮೇಲೆಯೇ ಕಲಿತದ್ದು. "ಫ್ಲ್ಯಾಟ್ ಎಂದರೆ ಹತ್ತಿರಹತ್ತಿರ ಇಮ್ಮಡಿ" ಎಂಬ ಒಂದು ಸಾಲು ಮನೆಯವರಿಗೆ ಸಾಕು. ಡೊಮಿನಿಕನ್ ಗಣರಾಜ್ಯದ ಸಣ್ಣ ವ್ಯಾಪಾರಿಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗವೊಂದು ಇದನ್ನೇ ಹೇಳುತ್ತದೆ. ಪೂರ್ಣ ಲೆಕ್ಕಪತ್ರ ಶಾಸ್ತ್ರವನ್ನು ಕಲಿತ ಗುಂಪಿನಲ್ಲಿ ಗಮನಾರ್ಹ ಬದಲಾವಣೆ ಕಾಣಲಿಲ್ಲ. ಅಂಗಡಿಯ ಹಣಕ್ಕೂ ಮನೆಯ ಹಣಕ್ಕೂ ಬೇರೆಬೇರೆ ಪೆಟ್ಟಿಗೆ ಇಡಿ ಎಂಬಂತಹ ಸರಳ ಸೂತ್ರಗಳನ್ನು ಕಲಿತವರ ವ್ಯವಹಾರ ಸುಧಾರಿಸಿತು. ಸಾಸಿವೆ ಡಬ್ಬಿಯಲ್ಲಿ ಬೇರೆಯಾಗಿ ಹಣವಿಡುತ್ತಿದ್ದ ನಮ್ಮ ತಾಯಂದಿರಿಗೆ ಈ ಸುದ್ದಿ ಹೊಸದೆನಿಸಲಾರದು.

ಇನ್ನೊಂದು ಸೂತ್ರ 72ರದು. ಬಡ್ಡಿಯ ದರದಿಂದ 72ನ್ನು ಭಾಗಿಸಿದರೆ, ಬಡ್ಡಿಯನ್ನು ಅಸಲಿಗೆ ಸೇರಿಸುತ್ತ ಹೋದಾಗ ಹಣ ಇಮ್ಮಡಿಯಾಗುವ ಅವಧಿ ದೊರೆಯುತ್ತದೆ. ಶೇ. 6 ಆದರೆ 12 ವರ್ಷ, ಶೇ. 8 ಆದರೆ 9 ವರ್ಷ. ತಿಂಗಳಿಗೆ ನೂರಕ್ಕೆ ಐದಾದರೆ 14 ತಿಂಗಳು. ಹದಿನಾಲ್ಕು ತಿಂಗಳಲ್ಲಿ ಹಣವನ್ನು ಇಮ್ಮಡಿಗೊಳಿಸುವ ಯಾವ ವ್ಯಾಪಾರ ಇವರಲ್ಲಿದೆ ಎಂಬ ಪ್ರಶ್ನೆ ಆಗ ತಾನಾಗಿಯೇ ಏಳುತ್ತದೆ. 2022ರಲ್ಲಿ ಚೆನ್ನೈನ ಆರುದ್ರ ಗೋಲ್ಡ್ ಟ್ರೇಡಿಂಗ್ ಸಂಸ್ಥೆಯ ಮೇಲೆ ಪ್ರಕರಣ ದಾಖಲಾದಾಗ, ಸುಮಾರು ಒಂದು ಲಕ್ಷ ಮಂದಿಯಿಂದ 2,438 ಕೋಟಿ ರೂಪಾಯಿ ಸಂಗ್ರಹವಾಗಿತ್ತು ಎಂದು ತಮಿಳುನಾಡು ಪೊಲೀಸರ ಆರ್ಥಿಕ ಅಪರಾಧ ವಿಭಾಗ ತಿಳಿಸಿತ್ತು. ಠೇವಣಿದಾರರ ರಕ್ಷಣೆಗೆಂದು ತಮಿಳುನಾಡಿನಲ್ಲಿ 1997ರಿಂದಲೇ ಪ್ರತ್ಯೇಕ ಕಾನೂನಿದೆ, ವಿಶೇಷ ನ್ಯಾಯಾಲಯವಿದೆ. ಆದರೆ ಅದು ಹಣ ಹೋದ ಮೇಲಿನ ದಾರಿ.

ಹೊತ್ತಿಗೆ ಒದಗುವ ಪಾಠ

2014ರ ಅಧ್ಯಯನದ ಕರ್ತೃಗಳು ಒಂದು ಸಲಹೆಯನ್ನೂ ಇತ್ತಿದ್ದರು: ನಿರ್ಧಾರದ ಹೊತ್ತಿಗೆ ಹತ್ತಿರವಾಗಿ, ಆ ನಿರ್ಧಾರಕ್ಕೆ ಬೇಕಾದಷ್ಟನ್ನೇ ಕಲಿಸಿ. ಅಹಮದಾಬಾದಿನಲ್ಲಿ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗವೂ ಇದಕ್ಕೆ ಪೂರಕವಾಗಿದೆ. ಅಲ್ಲಿ ಹಣಕಾಸು ಪಾಠಗಳನ್ನು ವಿಡಿಯೋ ಮೂಲಕ ತೋರಿಸಿದಾಗ, ಪಾಠ ಒಂದರಿಂದಲೇ ನಡವಳಿಕೆ ಬದಲಾಗಲಿಲ್ಲ. ಪಾಠದೊಡನೆ ಸ್ಪಷ್ಟ ಗುರಿಯೊಂದನ್ನು ಇಟ್ಟುಕೊಂಡವರಲ್ಲಿ, ಒಬ್ಬೊಬ್ಬರೊಡನೆ ಕುಳಿತು ಸಮಾಲೋಚನೆ ನಡೆಸಿದಲ್ಲಿ ಬದಲಾವಣೆ ಕಂಡಿತು.

ನಮ್ಮ ಮನೆಗಳಲ್ಲಿ ಆ ಹೊತ್ತುಗಳು ಯಾವುವೆಂದು ಮೊದಲೇ ತಿಳಿದಿರುತ್ತದೆ: ನಿವೃತ್ತಿಯ ಹಣ ಕೈಸೇರುವ ತಿಂಗಳು, ಮಗಳ ಮದುವೆ, ಮುಡಿಚೂರಿನ ಕಡೆ ನಿವೇಶನ ನೋಡುವ ಸಮಯ, ಮಗನ ಮೊದಲ ಸಂಬಳ. ಸಾಲದ ವಿಷಯದಲ್ಲಿ ನಿಯಮವೇ ಒಂದು ಅವಕಾಶವನ್ನು ಒದಗಿಸಿದೆ. ರಿಸರ್ವ್ ಬ್ಯಾಂಕಿನ ಆದೇಶದಂತೆ 2024ರ ಅಕ್ಟೋಬರ್ 1ರಿಂದ ಬ್ಯಾಂಕುಗಳೂ ಹಣಕಾಸು ಕಂಪೆನಿಗಳೂ ಚಿಲ್ಲರೆ ಸಾಲಗಾರರಿಗೆ ಮುಖ್ಯ ಅಂಶಗಳ ಪತ್ರವೊಂದನ್ನು ಕೊಡಲೇಬೇಕು. ಶುಲ್ಕಗಳೆಲ್ಲ ಸೇರಿದ ನಿಜವಾದ ವಾರ್ಷಿಕ ದರ ಅದರಲ್ಲಿರಬೇಕು. ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಏಳು ದಿನಕ್ಕಿಂತ ಕಡಿಮೆ ಅವಧಿಯ ಸಾಲಗಳನ್ನು ಬಿಟ್ಟರೆ, ಉಳಿದವುಗಳಲ್ಲಿ ಯೋಚಿಸಲು ಕನಿಷ್ಠ ಮೂರು ಕೆಲಸದ ದಿನಗಳ ಕಾಲಾವಕಾಶವಿರಬೇಕು. ತಾಂಬರಂನ ಶಾಖೆಯೊಂದರಲ್ಲಿ ಕನ್ನಡದ ಪ್ರತಿ ಕೇಳಿದರೆ ಗುಮಾಸ್ತರು ಏನೆಂದುಕೊಂಡಾರು ಎಂಬುದು ಬೇರೆ ಮಾತು. ಕೇಳುವ ಹಕ್ಕಂತೂ ಇದೆ. ಆ ಮೂರು ದಿನಗಳಲ್ಲಿ ಮನೆಯವರೆಲ್ಲ ಕುಳಿತು ಪತ್ರದ ದರವನ್ನು "ನೂರಕ್ಕೆ ಇಷ್ಟು" ಎಂದು ಬದಲಿಸಿ ನೋಡಿದರೆ, ಸಭಾಂಗಣದಲ್ಲಿ ಆಗದ ಕಲಿಕೆ ಊಟದ ಮನೆಯಲ್ಲಿ ಆದೀತು.

ಸಂಘದ ಮಾಸಿಕ ಕೂಟಗಳಲ್ಲಿ ಒಂದು ಗಂಟೆಯ ಉಪನ್ಯಾಸದ ಬದಲು ಪ್ರಾರ್ಥನೆಯ ಬಳಿಕ ಐದು ನಿಮಿಷ, ಮೂರೇ ಪ್ರಶ್ನೆ ಇಟ್ಟುಕೊಳ್ಳಬಹುದೆಂದು ನನ್ನ ಸೂಚನೆ. ಒಂದು ಹೊಸದು, ಒಂದು ಕಳೆದ ತಿಂಗಳದು, ಒಂದು ಮೂರು ತಿಂಗಳ ಹಿಂದಿನದು. ಉತ್ತರವನ್ನು ಎಲ್ಲರೂ ಮೊದಲು ಚೀಟಿಯಲ್ಲಿ ಬರೆಯಬೇಕು, ಆಮೇಲೆ ಚರ್ಚೆ. ಚೀಟಿಯಲ್ಲಿ ಹೆಸರು ಬೇಡ. ತಪ್ಪು ಬರೆದ ಹಿರಿಯರಿಗೆ ಮುಜುಗರವಾದರೆ ಮುಂದಿನ ತಿಂಗಳು ಅವರು ಬರುವುದಿಲ್ಲ.

ಪ್ರಶ್ನೆಗಳಿಗೆ ಬರವಿಲ್ಲ. ಒಂದು ಬ್ಯಾಂಕು ಮುಳುಗಿದರೆ ಒಬ್ಬ ಠೇವಣಿದಾರನಿಗೆ ವಿಮೆಯಿಂದ ದೊರೆಯುವ ಗರಿಷ್ಠ ಮೊತ್ತವೆಷ್ಟು? 2020ರ ಫೆಬ್ರವರಿಯಿಂದ 5 ಲಕ್ಷ, ಬಡ್ಡಿಯೂ ಸೇರಿ. ಅದಕ್ಕೆ ಮೊದಲು 1 ಲಕ್ಷವಿತ್ತು. ಚೀಟಿ ನಿಧಿಗೂ ನಿಧಿ ಕಂಪೆನಿಗೂ ಈ ವಿಮೆ ಇದೆಯೇ? ಇಲ್ಲ. ತಮ್ಮ ಹಣ "ನಿಧಿ"ಯಲ್ಲಿದೆ ಎಂದು ನಿಶ್ಚಿಂತರಾಗಿರುವವರು ಇದನ್ನು ಎರಡು ಬಾರಿ ಓದಬೇಕು. ಬ್ಯಾಂಕ್ ಖಾತೆಗೆ ಎಷ್ಟು ಮಂದಿಯನ್ನು ನಾಮನಿರ್ದೇಶನ ಮಾಡಬಹುದು? 2025ರ ನವೆಂಬರ್ 1ರಿಂದ ನಾಲ್ವರವರೆಗೆ. ತೀರಿಕೊಂಡ ತಂದೆಯ ಹಳೆಯ ಖಾತೆಯನ್ನು ಹುಡುಕುವುದು ಎಲ್ಲಿ? ರಿಸರ್ವ್ ಬ್ಯಾಂಕು 2023ರಲ್ಲಿ ತೆರೆದ ಉದ್ಗಮ್ ಜಾಲತಾಣದಲ್ಲಿ.

ಪ್ರಶ್ನೆಯ ವೇಷವನ್ನು ಮಾತ್ರ ಪ್ರತಿ ಸಲವೂ ಬದಲಿಸುತ್ತಿರಬೇಕು. ಈ ತಿಂಗಳು ಅಪರಿಚಿತ ಕಂಪೆನಿ, ಮುಂದಿನ ತಿಂಗಳು ಪಕ್ಕದ ಮನೆಯವರು, ಅದರ ಮುಂದಿನ ತಿಂಗಳು ದೇವಸ್ಥಾನದಲ್ಲಿ ಪರಿಚಯವಾದವರು, ಆಮೇಲೆ ಪೊಲೀಸರೆಂದು ಹೇಳಿಕೊಂಡು ವಿಡಿಯೋ ಕರೆ ಮಾಡುವವರು. ಹಾಗೆ ಕರೆ ಮಾಡಿದವರಿಗೆ ಯಾರಾದರೂ ಹಣ ಕಳುಹಿಸಿಬಿಟ್ಟಿದ್ದರೆ ಕೂಡಲೇ ದೂರು ನೀಡಬೇಕಾದ ದೂರವಾಣಿ ಸಂಖ್ಯೆ 1930. ಈ ಒಂದನ್ನು ಕೂಟದಲ್ಲಿರುವ ಪ್ರತಿಯೊಬ್ಬರೂ ಮೊಬೈಲು ನೋಡದೆ ಹೇಳುವವರೆಗೂ ತಿಂಗಳು ತಿಂಗಳೂ ಕೇಳುತ್ತಿರಬಹುದು.